ತೆಂಗಿನ ತೋಟದ ತವರಿನಲ್ಲಿ ಕೆಂಚಿಯೊಡನೆ

ನಾಯಿ ಸಾಕಿಕೊಂಡ ಗಂಡ ಹೆಂಡಿರು ನಾಲ್ಕು ದಿನ ಊರು ಬಿಟ್ಟು ಹೊರಡಬೇಕೆಂದರೆ, ಎಲ್ಲಿಗೆ ಹೋಗುವುದು ಎಂಬುದಕ್ಕಿಂತ ಮೊದಲು ನಾಯಿಯನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ದಿನಕ್ಕಿಷ್ಟು ಎಂದು ಹಣ ಪಡೆದು ನಾಯಿಗಳನ್ನು ನೋಡಿಕೊಳ್ಳುವ ವಸತಿಗಳಿಗೆ ಬೆಂಗಳೂರಿನಲ್ಲಿ ಈಗ ಕೊರತೆಯಿಲ್ಲ. ಆದರೆ ನಮ್ಮ ಕೆಂಚಿ, ಮರಿಯಾಗಿದ್ದಾಗ ಯಾರೋ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬೀದಿಬದಿಯಲ್ಲಿ ಬಿಟ್ಟುಹೋದವಳು. ನಾವಿಬ್ಬರೂ ಒಟ್ಟಿಗೆ ಚೀಲ ತುಂಬತೊಡಗಿದರೆ ಬಾಗಿಲಿಗೆ ಅಡ್ಡಲಾಗಿ ಮಲಗಿ, ತಟ್ಟೆಗೆ ಬಾಯಿ ಹಾಕುವುದನ್ನೇ ನಿಲ್ಲಿಸುತ್ತಾಳೆ. ಅವಳನ್ನು ಅಪರಿಚಿತರ ಕೈಗೆ ಕೊಟ್ಟು ಹೋಗುವ ರಜೆ ನಮಗೆ ರಜೆಯಾಗುವುದಿಲ್ಲ ಎಂದು ನಾನೂ ನನ್ನವರೂ ಮೊದಲೇ ತೀರ್ಮಾನಿಸಿದ್ದೆವು. ಆದ್ದರಿಂದ ಕಳೆದ ಧನುರ್ಮಾಸದಲ್ಲಿ ನಾವು ಹೋದದ್ದು ತಿಪಟೂರಿನ ಕಡೆಯ ನನ್ನ ತವರಿಗೆ, ಅಪ್ಪ ಅಮ್ಮ ಇಬ್ಬರೇ ಇರುವ ತೆಂಗಿನ ತೋಟದ ಮನೆಗೆ.

ರೈಲಿನಲ್ಲಿ ಹೋಗಬಹುದೇ ಎಂದು ಒಮ್ಮೆ ಯೋಚಿಸಿದೆವು. ನಾಯಿಯನ್ನು ಜೊತೆಯಲ್ಲಿಯೇ ಕೂರಿಸಿಕೊಂಡು ಹೋಗಬೇಕಾದರೆ ಹವಾನಿಯಂತ್ರಿತ ಮೊದಲ ದರ್ಜೆಯ ಕೂಪೆಯನ್ನೋ ಕ್ಯಾಬಿನ್ನನ್ನೋ ಪೂರ್ತಿಯಾಗಿ ಕಾಯ್ದಿರಿಸಬೇಕು. ಇಲ್ಲವಾದರೆ ಅದು ಗಾರ್ಡ್ ಡಬ್ಬಿಯ ಪೆಟ್ಟಿಗೆಯೊಳಗೆ ಒಂಟಿಯಾಗಿ ಪ್ರಯಾಣ ಮಾಡಬೇಕು. ಮೂರು ಗಂಟೆಯ ದಾರಿಗೆ ಮೊದಲನೆಯದು ಅತಿಯಾಯಿತು, ಎರಡನೆಯದು ಕೆಂಚಿಗೆ ಆಗದ ಮಾತು. ಹೀಗಾಗಿ ಕಾರಿನಲ್ಲಿಯೇ ಹೊರಟೆವು. ನೆಲಮಂಗಲ ದಾಟಿ, ತುಮಕೂರಿನಲ್ಲಿ ಬಿ.ಎಚ್. ರಸ್ತೆ ಹಿಡಿದು, ಗುಬ್ಬಿ, ನಿಟ್ಟೂರು, ಕೆ.ಬಿ. ಕ್ರಾಸ್ ಹಾದು ಹೋಗುವ ದಾರಿ ಅದು. ಹೊಟ್ಟೆ ತೊಳಸದಿರಲೆಂದು ಕೆಂಚಿಗೆ ಬೆಳಗಿನ ಊಟ ಕೊಟ್ಟಿರಲಿಲ್ಲ. ಎದೆಪಟ್ಟಿಯನ್ನು ಹಿಂದಿನ ಆಸನದ ಬೆಲ್ಟಿಗೆ ಬಿಗಿದಿದ್ದೆವು. ತುಮಕೂರು ದಾಟಿದ ಮೇಲೆ ರಸ್ತೆಯ ಎರಡೂ ಬದಿಯಲ್ಲಿ ತೆಂಗು ದಟ್ಟವಾಗುತ್ತಾ ಹೋಗುತ್ತದೆ. ಗುಬ್ಬಿಯ ಆಚೆ ಒಂದು ಹೊಂಗೆಮರದ ನೆರಳಿನಲ್ಲಿ ನಿಂತು ಅವಳಿಗೆ ನೀರು ಕುಡಿಸಿ, ಹತ್ತು ಹೆಜ್ಜೆ ಅಡ್ಡಾಡಿಸಿದೆವು. ಅಷ್ಟಕ್ಕೇ ಅವಳ ಮೂಗು ನೆಲ ಬಿಟ್ಟು ಮೇಲೇಳಲಿಲ್ಲ.

ಹೊರಡುವ ಮೊದಲು ಅಮ್ಮನೊಡನೆ ನಡೆದ ಒಂದು ಮಾತುಕತೆಯನ್ನು ಇಲ್ಲಿ ಹೇಳಬೇಕು, ಏಕೆಂದರೆ ಈ ರಜೆ ನಿಜವಾದ ಅರ್ಥದಲ್ಲಿ ಬಿಡುವಾದದ್ದು ಅದರಿಂದ. ಹೆಣ್ಣುಮಕ್ಕಳು ತವರಿಗೆ ಹೋಗಿ ಬಂದು, ಹಾಯಾಗಿ ಮಲಗಿ ಎದ್ದು ಬಂದೆ ಎಂದು ಹೇಳುವಾಗ, ಆ ಹಾಯಿನ ಹಿಂದೆ ಅರವತ್ತು ದಾಟಿದ ಒಬ್ಬ ತಾಯಿ ಬೆಳಗಿನ ಐದು ಗಂಟೆಯಿಂದ ರಾತ್ರಿ ಹತ್ತರವರೆಗೆ ಒಲೆಯ ಮುಂದೆ ನಿಂತಿರುತ್ತಾಳೆ. ಜೊತೆಗೆ ಅಳಿಯನೂ ಬಂದರೆ ಮುಗಿಯಿತು: ಹೊತ್ತಿಗೊಂದು ಬಗೆ ಆಗಲೇಬೇಕು, ನಿನ್ನೆಯ ಸಾರು ಇಂದು ಬಡಿಸುವಂತಿಲ್ಲ, ಅಳಿಯ ತಟ್ಟೆ ಎತ್ತುವಂತಿಲ್ಲ. ನಮ್ಮ ಬಿಡುವಿನ ಬೆಲೆಯನ್ನು ಅಮ್ಮ ತೆರುವಂತಿದ್ದರೆ ಆ ಬಿಡುವು ನಮಗೆ ಬೇಡ ಎಂಬುದು ನನ್ನವರ ಮಾತು. ಅವರು ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದವರು, ತೋಟವೆಂಬುದು ಅವರಿಗೆ ಮದುವೆಯಿಂದ ದೊರೆತದ್ದು. ಆದರೂ ಈ ವಿಷಯದಲ್ಲಿ ಅವರು ನನಗಿಂತ ಗಟ್ಟಿ. ಫೋನಿನಲ್ಲಿ ನಾನು, "ಅಮ್ಮಾ, ಈ ಸಲ ಏನೂ ಮಾಡಿಡಬೇಡ, ನಾವು ಬಂದು ಮಾಡ್ತೀವಿ" ಎಂದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರವೇ ಬರಲಿಲ್ಲ. ಆಮೇಲೆ, "ಅಳಿಯಂದ್ರು ಒಲೆ ಮುಂದೆ ಕೂತ್ರೆ ನೋಡಿದೋರು ಏನಂತಾರೆ?" ಎಂಬ ಪ್ರಶ್ನೆ ಬಂತು. ನೋಡುವವರು ಯಾರೂ ಇಲ್ಲದ ತೋಟದ ಮನೆ ಅದು. ಕೊನೆಗೆ, ಬೆಳಗಿನ ತಿಂಡಿ ಮತ್ತು ರಾತ್ರಿಯ ಅಡುಗೆ ನಮ್ಮದು, ಮಧ್ಯಾಹ್ನದ್ದು ಮಾತ್ರ ಅಮ್ಮನದು, ಪಾತ್ರೆ ಯಾವ ಹೊತ್ತಿನದಾದರೂ ಅಳಿಯನದು ಎಂಬಲ್ಲಿಗೆ ಒಪ್ಪಂದವಾಯಿತು.

ತೋಟದ ಬಾಗಿಲಿಗೆ ತಲುಪಿದಾಗ ನಾವು ಕೆಂಚಿಯನ್ನು ನೇರವಾಗಿ ಒಳಗೆ ಬಿಡಲಿಲ್ಲ. ಅಲ್ಲಿ ಕರಿಯನಿದ್ದಾನೆ. ಅವನು ಅಪ್ಪನ ನಾಯಿ, ವಯಸ್ಸಾದವನು, ತೋಟದ ನಾಲ್ಕೂ ಬದುಗಳನ್ನು ತನ್ನವೆಂದು ತಿಳಿದವನು. ಒಂದು ನಾಯಿಯ ಮನೆಯೊಳಗೆ ಇನ್ನೊಂದನ್ನು ತಂದು ಎದುರುಬದುರು ನಿಲ್ಲಿಸಿದರೆ ಜಗಳ ನಾವೇ ಹಚ್ಚಿದ ಹಾಗೆ. ಅಪ್ಪ ಕರಿಯನಿಗೆ ಹಗ್ಗ ಹಾಕಿಕೊಂಡು ಹೊರಗಿನ ಗಾಡಿದಾರಿಗೆ ಬಂದರು. ನನ್ನವರು ಕೆಂಚಿಯನ್ನು ಹಿಡಿದುಕೊಂಡರು. ನಡುವೆ ಹತ್ತು ಮಾರು ಅಂತರವಿಟ್ಟು ಇಬ್ಬರೂ ಒಂದೇ ದಿಕ್ಕಿಗೆ ನಡೆಯತೊಡಗಿದರು. ಮೊದಲು ಕರಿಯನ ಬೆನ್ನಿನ ಕೂದಲು ನಿಗುರಿತು. ಕಾಲುವೆಯ ಸೇತುವೆಯವರೆಗೆ ಹೋಗಿ ತಿರುಗುವ ಹೊತ್ತಿಗೆ ಅಂತರ ಅರ್ಧವಾಗಿತ್ತು, ಮರಳಿ ಬಾಗಿಲಿಗೆ ಬರುವ ಹೊತ್ತಿಗೆ ಎರಡೂ ಒಂದೇ ಹುಲ್ಲಿನ ಕಂತೆಯನ್ನು ಮೂಸುತ್ತಿದ್ದವು. ಹಗ್ಗಗಳನ್ನು ಸಡಿಲವಾಗಿ ಹಿಡಿದಿರಬೇಕು, ಬಿಗಿ ಹಿಡಿದರೆ ನಮ್ಮ ಅಂಜಿಕೆ ಅವಕ್ಕೆ ತಲುಪುತ್ತದೆ ಎಂಬುದನ್ನು ಅಪ್ಪನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಎತ್ತು ಕಟ್ಟಿ ಬೇಸಾಯ ಮಾಡಿದ ಕೈ ಅದು. "ಬಾರವ್ವ ಕೆಂಚಮ್ಮ" ಎಂದು ಅವರೇ ಬಾಗಿಲು ತೆರೆದರು.

ಹಸು ಮಾತ್ರ ಅಷ್ಟು ಸುಲಭದಲ್ಲಿ ಒಪ್ಪಲಿಲ್ಲ. ಕೊಟ್ಟಿಗೆಯಲ್ಲಿ ಎಳೆಗರು ಇತ್ತು. ಎಳೆಗರುವಿನ ತಾಯಿಗೆ ಹೊಸ ನಾಯಿಯೆಂದರೆ ಶತ್ರು. ಕೆಂಚಿ ಕೊಟ್ಟಿಗೆಯ ಕಡೆ ತಲೆ ಹಾಕಿದೊಡನೆ ಅದು ಕೊಂಬು ತಗ್ಗಿಸಿ ಬುಸುಗುಟ್ಟಿತು. ಅಲ್ಲಿಂದ ಮುಂದೆ ಕೊಟ್ಟಿಗೆಯ ಬದಿಯಲ್ಲಿ ಹಾದುಹೋಗುವಾಗಲೆಲ್ಲ ಕೆಂಚಿ ದೂರದ ಸುತ್ತುದಾರಿಯನ್ನೇ ಹಿಡಿದಳು. ದನಗಳ ಮಾತು ಬಂದಾಗ ಅಪ್ಪ ಪಕ್ಕದ ಕೊನೇಹಳ್ಳಿಯ ಅಮೃತಮಹಲ್ ದನಗಳನ್ನು ನೆನೆಯದೆ ಇರುವುದಿಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಸೈನ್ಯದ ಬಂಡಿಗಳನ್ನು ಎಳೆದ ಆ ತಳಿಯ ಸಂವರ್ಧನಾ ಕೇಂದ್ರ ಅಲ್ಲಿದೆ. ಬಯಲ ಕಾವಲಿನಲ್ಲಿ ಮೇಯುವ ಆ ಹಸುಗಳ ಹತ್ತಿರಕ್ಕೆ ನಾಯಿಯನ್ನು ಕರೆದುಕೊಂಡು ಹೋಗಲೇಬಾರದು ಎಂಬುದು ಅವರು ಕೊಟ್ಟ ಎಚ್ಚರಿಕೆ. ನಾವು ರಸ್ತೆಯಿಂದಲೇ ನೋಡಿ ಬಂದೆವು.

ನಮ್ಮ ತೋಟ ದೊಡ್ಡದೇನಲ್ಲ. ಮುಂಭಾಗದಲ್ಲಿ ತೆಂಗು, ಅದರ ನಡುವೆ ಒಂದಿಷ್ಟು ಬಾಳೆ ಮತ್ತು ಅಡಿಕೆ, ಹಿಂದೆ ಮಳೆಯನ್ನೇ ನಂಬಿದ ರಾಗಿ ಹೊಲ. ಮರಗಳೆಲ್ಲ ತಿಪಟೂರು ಟಾಲ್ ಎಂದು ತೋಟಗಾರಿಕೆಯವರು ಗುರುತಿಸುವ ಎತ್ತರದ ತಳಿಯವು. ಕೆಲವನ್ನು ನನ್ನ ತಾತ ನೆಟ್ಟದ್ದು, ಅವು ಇನ್ನೂ ಫಲ ಕೊಡುತ್ತಿವೆ. ತಿಪಟೂರಿನ ಸೀಮೆಗೆ ಹೆಸರು ತಂದದ್ದು ಹಸಿ ಕಾಯಿಗಿಂತ ಹೆಚ್ಚಾಗಿ ಉಂಡೆ ಕೊಬ್ಬರಿ. ಬಲಿತು ಕೆಡವಿದ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿ, ಎಂಟು ಹತ್ತು ತಿಂಗಳು ನೆರಳಿನಲ್ಲಿ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ತಾನಾಗಿಯೇ ಬಿಡಿಸಿಕೊಂಡು ಇಡೀ ಗಿಟುಕಾಗಿ ನಿಲ್ಲುತ್ತದೆ. ಬಿಸಿಲಿನಲ್ಲಿ ಹೋಳು ಮಾಡಿ ಒಣಗಿಸುವ ಕರಾವಳಿಯ ಕೊಬ್ಬರಿಯನ್ನು ಹೆಚ್ಚಾಗಿ ಗಾಣಕ್ಕೆ ಕಳಿಸುತ್ತಾರೆ. ಈ ಗಿಟುಕು ಮಾತ್ರ ಬಹುಪಾಲು ಉತ್ತರ ಭಾರತದ ಮದುವೆಮನೆಗಳಿಗೆ, ಪೂಜೆಗಳಿಗೆ, ಸಿಹಿ ಅಂಗಡಿಗಳಿಗೆ ಹೋಗುತ್ತದೆ. ಕಾಯಿ ಸಿದ್ಧವಾಯಿತೇ ಎಂದು ತಿಳಿಯಲು ಬೇರೆ ಉಪಕರಣ ಬೇಕಿಲ್ಲ. ಅಪ್ಪ ಅಟ್ಟದ ಒಂದು ಮೂಲೆಯಿಂದ ಕಾಯೊಂದನ್ನು ತೆಗೆದು ನನ್ನವರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಗಿಟುಕು ಗಿಲಕಿಯಂತೆ ಸದ್ದು ಮಾಡಿತು. ಪಕ್ಕದ ಇನ್ನೊಂದನ್ನು ಅಲ್ಲಾಡಿಸಿದರೆ ಸದ್ದಿಲ್ಲ. "ಇದಕ್ಕೆ ಯುಗಾದಿ ಆಗಬೇಕು" ಎಂದು ಅದನ್ನು ಇದ್ದ ಜಾಗದಲ್ಲಿಯೇ ಇಟ್ಟರು.

ಅಟ್ಟದ ಮೇಲಿರುವುದು ಹೋದ ವರ್ಷದ ಬೆಳೆ, ಅದರ ಬೆಲೆ ತಿಳಿಯುವುದು ಬರುವ ದಿನಗಳಲ್ಲಿ. ಒಂದು ವರ್ಷ ಏರಿದ ದರ ಮರುವರ್ಷ ನೆಲ ಕಚ್ಚಿದ್ದನ್ನು ಅಪ್ಪ ಬೇಕಾದಷ್ಟು ಸಲ ಕಂಡಿದ್ದಾರೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಅಟ್ಟದಲ್ಲಿ ಕಾಯಿ ಹರಡಿ ಒಂದು ವರ್ಷ ಕಾಯುವ ರೈತನಿಗೆ ಆ ಅಂಕಿ ಕೈಹಿಡಿಯುವ ಆಸರೆಯಾಗಬೇಕೇ ಹೊರತು ಅದೇ ಗುರಿಯಾಗಬಾರದು ಎಂದು ನಾನು ನಂಬುತ್ತೇನೆ. ಮರ ಹತ್ತುವವರ ಕೂಲಿ, ಕಾಯಿ ಸುಲಿಯುವವರ ಕೂಲಿ, ಚಿಪ್ಪು ಒಡೆದು ಗಿಟುಕು ಬಿಡಿಸುವವರ ಕೂಲಿ ಎಲ್ಲವೂ ಅದರೊಳಗೇ ಬರಬೇಕು.

ರಾತ್ರಿ ಕೆಂಚಿ ಎಲ್ಲಿ ಮಲಗಬೇಕು ಎಂಬುದು ಮೊದಲ ಸಂಜೆಯ ದೊಡ್ಡ ಚರ್ಚೆಯಾಯಿತು. ಅಮ್ಮನ ಮನೆಯಲ್ಲಿ ನಾಯಿ ಜಗುಲಿಯವರೆಗೆ ಬರಬಹುದು. ನಡುಮನೆಯ ಹೊಸ್ತಿಲು ದಾಟುವಂತಿಲ್ಲ, ಏಕೆಂದರೆ ಅದರಾಚೆ ದೇವರ ಗೂಡಿದೆ. ಬೆಂಗಳೂರಿನಲ್ಲಿ ಕೆಂಚಿ ನಮ್ಮ ಮಂಚದ ಪಕ್ಕದಲ್ಲಿಯೇ ಮಲಗುತ್ತಾಳೆ. ಹೊರಗೆ ಬಿಡುವ ಮಾತೇ ಇರಲಿಲ್ಲ, ಅದು ಅಮ್ಮನಿಗೂ ಗೊತ್ತಿತ್ತು. ತುಮಕೂರು ಜಿಲ್ಲೆಯಲ್ಲಿ ಚಿರತೆ ಎಂದರೆ ಕಥೆಯ ಪ್ರಾಣಿಯಲ್ಲ; 2019–20ರಲ್ಲಿ ಗುಬ್ಬಿ ಮತ್ತು ತುಮಕೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಮನುಷ್ಯರೇ ಅದಕ್ಕೆ ಬಲಿಯಾಗಿದ್ದರು. ನಾಯಿ ಚಿರತೆಗೆ ಸುಲಭದ ಬೇಟೆ. ಕರಿಯನಿಗೆ ಮೊದಲು ನಮ್ಮ ತೋಟದಲ್ಲಿದ್ದ ನಾಯಿ ಒಂದು ರಾತ್ರಿ ಬೊಗಳುತ್ತಾ ಬೇಲಿಯ ಕಡೆ ಹೋದದ್ದು ಮರಳಲಿಲ್ಲ. ಕುರಿ ಕಾಯುವವರು ತಮ್ಮ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುವುದು ಇದೇ ಕಾರಣಕ್ಕೆ, ಚಿರತೆ ಮೊದಲು ಬಾಯಿ ಹಾಕುವುದು ಕುತ್ತಿಗೆಗೆ. ಅಂದಿನಿಂದ ಅಪ್ಪ ಕತ್ತಲಾಗುವ ಮೊದಲೇ ಕರಿಯನನ್ನು ಅಟ್ಟದ ಮನೆಯೊಳಗೆ ಸೇರಿಸಿ ಬಾಗಿಲು ಹಾಕಿಕೊಳ್ಳುತ್ತಾರೆ.

ಕೊನೆಗೆ ಪರಿಹಾರವನ್ನು ಕೊಟ್ಟದ್ದೂ ಆ ಅಟ್ಟದ ಮನೆಯೇ. ಅಟ್ಟದ ಕೆಳಗೆ ಒಣ ನೆಲ, ಮೇಲೆ ಸಾವಿರಾರು ಕಾಯಿಗಳ ಹೊದಿಕೆ. ಹೊರಗೆ ಇಬ್ಬನಿ ಸುರಿಯುವಾಗಲೂ ಒಳಗೆ ಬೆಚ್ಚಗಿರುತ್ತದೆ. ನಾವು ಚಾಪೆ, ಜಮಖಾನ ತೆಗೆದುಕೊಂಡು ಅಲ್ಲಿಗೇ ಹೋಗಿ ಮಲಗಿದೆವು. ಅಳಿಯ ಅಟ್ಟದ ಕೆಳಗೆ ಮಲಗುವುದು ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಒಂದು ದಪ್ಪ ಕಂಬಳಿ, ಒಂದು ಟಾರ್ಚು, ತಾಮ್ರದ ಚೊಂಬಿನಲ್ಲಿ ನೀರು ತಂದಿಟ್ಟು, ಬಾಗಿಲಲ್ಲಿ ಮತ್ತೆರಡು ಸಲ ಕರೆದು ಹೋದರು. ಒಣ ಸಿಪ್ಪೆಯ ಘಾಟು, ಕೊಬ್ಬರಿಯ ಎಣ್ಣೆಯ ಕಮಟು, ನಡುನಡುವೆ ಇಲಿಯ ಓಡಾಟ. ಇಲಿ ಓಡಿದಾಗಲೆಲ್ಲ ಕರಿಯ ಕಣ್ಣು ತೆರೆಯದೆ ಗುರ್ ಎನ್ನುತ್ತಿದ್ದ, ಕೆಂಚಿ ಎದ್ದು ಕುಳಿತು ಮೇಲೆ ನೋಡುತ್ತಿದ್ದಳು. ನಗರದಲ್ಲಿ ಲಿಫ್ಟಿನ ಸದ್ದಿಗೂ ಎಚ್ಚರಗೊಳ್ಳುವ ನನ್ನವರು ಆ ರಾತ್ರಿ ಒಮ್ಮೆಯೂ ಮಗ್ಗುಲು ಬದಲಿಸದೆ ಮಲಗಿದ್ದರು.

ಧನುರ್ಮಾಸದ ಬೆಳಗಿನ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ರಾಗಿ ಕೊಯ್ದು ಮೆದೆ ಹಾಕಿ ಆಗಿತ್ತು. ಆದರೆ ಹೊಲ ಬರಿದಾಗಿರಲಿಲ್ಲ. ನಮ್ಮ ಕಡೆ ರಾಗಿಯೊಡನೆ ಅಕ್ಕಡಿ ಸಾಲು ಬಿತ್ತುತ್ತಾರೆ: ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಅಂಚಿನಲ್ಲಿ ಒಂದಿಷ್ಟು ಹುಚ್ಚೆಳ್ಳು, ಜೋಳ. ರಾಗಿ ಎದ್ದುಹೋದ ಮೇಲೆ ಕೂಳೆಯ ನಡುವೆ ಅವರೆಯ ಬಳ್ಳಿ ಉಳಿದು, ಚಳಿ ಬಿದ್ದಂತೆಲ್ಲ ಅದರ ಸೊಗಡು ಏರುತ್ತದೆ. ಇಬ್ಬನಿಯಲ್ಲಿ ತೊಯ್ದ ಅವರೆಕಾಯಿಯನ್ನು ಬಿಡಿಸಿದರೆ ಬೆರಳುಗಳಿಗೆ ಒಂದು ಜಿಡ್ಡು ಅಂಟುತ್ತದೆ. ಆ ವಾಸನೆ ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಹೋಗುವುದಿಲ್ಲ. ಸೂರ್ಯ ಹುಟ್ಟುವ ಮೊದಲು ನಾವು ಮೂವರೂ ಆ ಹೊಲಕ್ಕೆ ಹೋಗುತ್ತಿದ್ದೆವು. ಉದ್ದನೆಯ ಹಗ್ಗದಲ್ಲಿ ಕೆಂಚಿ ಮುಂದೆ, ಮಡಿಲಿಗೆ ಕಾಯಿ ಕೀಳುತ್ತಾ ನಾನು ಹಿಂದೆ. ಒಮ್ಮೆ ಅವಳ ಮೂಗಿನ ಅಡಿಯಿಂದಲೇ ಗೌಜುಗಗಳ ಗುಂಪೊಂದು ಪಟಪಟನೆ ಎದ್ದು ಹಾರಿತು. ಬೆಂಗಳೂರಿನಲ್ಲಿ ಪಾರಿವಾಳವನ್ನು ಬಿಟ್ಟರೆ ಬೇರೆ ಹಕ್ಕಿ ಕಾಣದ ಕೆಂಚಿ ನಾಲ್ಕೂ ಕಾಲು ನೆಲಕ್ಕೆ ಊರಿ, ಒಂದು ಕಿವಿ ಮುಂದೆ ಒಂದು ಕಿವಿ ಹಿಂದೆ ಮಾಡಿ, ಹಕ್ಕಿಗಳು ಬದುವಿನ ಆಚೆ ಇಳಿಯುವವರೆಗೆ ಅಲುಗಾಡದೆ ನಿಂತಳು. ಹೊಟ್ಟೆಯ ಕೂದಲಿನಿಂದ ಇಬ್ಬನಿಯ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ದಿನವೂ ಅದೇ ಜಾಗಕ್ಕೆ ಬಂದಾಗ ನಡಿಗೆ ನಿಧಾನಿಸಿ, ಹೆಜ್ಜೆ ಎತ್ತಿ ಎತ್ತಿ ಇಡುತ್ತಿದ್ದಳು.

ತೋಟದಲ್ಲಿ ಎರಡು ಜಾಗಗಳಲ್ಲಿ ಮಾತ್ರ ನಾವು ಅವಳ ಹಗ್ಗ ಬಿಚ್ಚಲಿಲ್ಲ. ಒಂದು, ತೆಂಗಿನ ಸಿಪ್ಪೆ ಗುಡ್ಡೆ ಹಾಕಿದ ಕಡೆ. ಒಣ ಸಿಪ್ಪೆಯ ಸಂದಿನಲ್ಲಿ ಇಲಿ ಇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ನಾಗರವೂ ಕೊಳಕುಮಂಡಲವೂ ಈ ಸೀಮೆಯಲ್ಲಿ ಸಾಮಾನ್ಯ, ನಾಯಿ ಮೂಗು ತೂರಿಸುವುದು ಅಂಥ ಸಂದಿಗೇ. ಇನ್ನೊಂದು, ಕಾಯಿ ಬಲಿತ ಮರಗಳ ಬುಡ. ಒಣಗಿದ ಗರಿ ಒಂದು ಸೂಚನೆಯೂ ಇಲ್ಲದೆ ಬೀಳುತ್ತದೆ, ಅದರ ತೂಕ ನಾಯಿಗೂ ಮನುಷ್ಯನಿಗೂ ಅಪಾಯಕಾರಿ. ಮರದ ಕೆಳಗೆ ಚಾಪೆ ಹಾಸಿ ಮಲಗುವ ಚಿತ್ರ ಚೆನ್ನಾಗಿ ಕಾಣುತ್ತದೆಯಾದರೂ ತೆಂಗಿನ ತೋಟದವರು ಯಾರೂ ಹಾಗೆ ಮಲಗುವುದಿಲ್ಲ. ಮಲಗಬೇಕೆಂದರೆ ಬಾವಿಯ ಪಕ್ಕದ ಹುಣಸೆಯ ನೆರಳಿದೆ. ನಾಯಿಯನ್ನು ತೋಟಕ್ಕೆ ಕರೆದೊಯ್ಯುವವರು ಅಲ್ಲಿಗೆ ಹತ್ತಿರದ ಪಶು ಆಸ್ಪತ್ರೆ ಎಲ್ಲಿದೆ ಎಂದು ಮೊದಲೇ ತಿಳಿದಿರುವುದು ಒಳ್ಳೆಯದು. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ಏರ್ಪಾಡೂ ಇದೆ. ಆ ಸಂಖ್ಯೆ ಅಪ್ಪನ ಮನೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕದಲ್ಲಿ, ಇದ್ದಿಲಿನಲ್ಲಿ ಬರೆದಿದೆ.

ಮೈಗೆ ಅಂಟಿ ರಕ್ತ ಹೀರುವ ಉಣ್ಣೆಹುಳುವಿನ ಕಾಟವನ್ನು ಹಗುರವಾಗಿ ನೋಡುವಂತಿಲ್ಲ. ದನ ಮೇಯುವ ಹುಲ್ಲಿನಲ್ಲಿ ಅವು ಇದ್ದೇ ಇರುತ್ತವೆ, ನಾಯಿಗೆ ಅವುಗಳಿಂದ ಬರುವ ಜ್ವರ ರಕ್ತವನ್ನೇ ಹಾಳುಮಾಡುತ್ತದೆ. ಹೊರಡುವ ಮೊದಲು ವೈದ್ಯರಲ್ಲಿಗೆ ಹೋಗಿ ಉಣ್ಣೆಯ ಔಷಧ ಹಾಕಿಸಿ, ರೇಬೀಸ್ ಲಸಿಕೆಯ ದಿನಾಂಕ ನೋಡಿಕೊಂಡು ಬಂದಿದ್ದೆವು. ಆದರೂ ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಜಗುಲಿಯಲ್ಲಿ ಕೆಂಚಿಯ ತಪಾಸಣೆ ನಡೆಯುತ್ತಿತ್ತು. ಕಿವಿಯ ಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ಬೆರಳುಗಳ ಸಂದು, ಬಾಲದ ಬುಡ: ಇಷ್ಟನ್ನೂ ಬೆರಳಿನಿಂದ ಕೂದಲು ಬಿಡಿಸಿ ನೋಡಬೇಕು. ಕಂಡ ಉಣ್ಣೆಯನ್ನು ಚಿಮಟಿಗೆಯಿಂದ ಚರ್ಮಕ್ಕೆ ಒತ್ತಿಕೊಂಡಂತೆ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಬೇಕು. ತಿರುಚಬಾರದು, ಸೀಮೆಎಣ್ಣೆ ಹಚ್ಚಬಾರದು, ಕೈಯಲ್ಲಿ ಹಿಸುಕಬಾರದು. ಅಪ್ಪ ಮೊದಲ ದಿನ ದೂರದಲ್ಲಿ ಕುಳಿತು ನೋಡಿದರು. ಮರುದಿನ ಕರಿಯನನ್ನು ತಾವೇ ಕರೆತಂದು ನನ್ನವರ ಮುಂದೆ ನಿಲ್ಲಿಸಿ, ತಮ್ಮ ಕನ್ನಡಕ ತೆಗೆದು ಒರೆಸಿಕೊಂಡು ಪಕ್ಕದಲ್ಲಿ ಕುಳಿತರು. ಕರಿಯನ ಕಿವಿಯೊಳಗಿನಿಂದ ತೆಗೆದ ಉಣ್ಣೆಗಳು ಸಾಬೂನು ನೀರಿನ ಬಟ್ಟಲಿನ ತಳವನ್ನೇ ಮುಚ್ಚಿದವು. ಅಷ್ಟು ದಿನ ಅವನು ತಲೆ ಕೊಡವುತ್ತಿದ್ದುದಕ್ಕೆ ಕಾರಣ ತಿಳಿದು ಅಮ್ಮನಿಗೆ ಬಹಳ ಹೊತ್ತು ಸಂಕಟವಾಯಿತು.

ಅಪ್ಪನ ಸದ್ಯದ ಚಿಂತೆ ಬಿಳಿನೊಣ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ಕಡೆ ಮೊದಲು ಕಾಣಿಸಿಕೊಂಡು ದಕ್ಷಿಣದ ತೆಂಗಿನ ಸೀಮೆಗಳಿಗೆಲ್ಲ ಹರಡಿದ ಈ ಕೀಟ ಗರಿಯ ಅಡಿಯಲ್ಲಿ ಕುಳಿತು ರಸ ಹೀರುತ್ತದೆ. ಅದು ಉದುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಕೆಳಗಿನ ಬಾಳೆ ಎಲೆಗಳೆಲ್ಲ ಮಸಿ ಬಳಿದುಕೊಂಡಿದ್ದವು. ಹೊಡೆಯುವ ಔಷಧಿಯಿಂದ ಬಿಳಿನೊಣವನ್ನು ತಿನ್ನುವ ಮಿತ್ರಕೀಟಗಳೂ ಸಾಯುತ್ತವೆ ಎಂದು ತಜ್ಞರು ಹೇಳಿದ್ದನ್ನು ಅಪ್ಪ ಕೇಳಿಕೊಂಡು, ವಿಷ ಹೊಡೆಸದೆ, ರಭಸದ ನೀರು ಸಿಂಪಡಿಸಿ ಕಾಯುತ್ತಿದ್ದಾರೆ. ಕಪ್ಪಾದ ಎಲೆಗಳನ್ನು ನೋಡುತ್ತಾ ಕಾಯುವುದು ಸುಲಭವಲ್ಲ, ಪಕ್ಕದವರು ಆಡಿಕೊಳ್ಳುವುದೂ ಇದೆ. ಆದರೆ ಹಾಗೆ ಕಾದದ್ದರಿಂದಲೇ ನಮ್ಮ ನಾಯಿ ಆ ತೋಟದ ಹುಲ್ಲನ್ನು ಯಾವ ಅಂಜಿಕೆಯೂ ಇಲ್ಲದೆ ಕಚ್ಚಿ ತಿನ್ನಬಹುದಾಗಿತ್ತು. ಒಂದು ಮಧ್ಯಾಹ್ನ ನಾನೂ ನನ್ನವರೂ ಮೆದುಗೊಳವೆ ಹಿಡಿದು ಬಾಳೆ ಎಲೆಗಳನ್ನು ತೊಳೆದೆವು. ಬೇರೆಲ್ಲಿಯಾದರೂ ಈ ಕೆಲಸಕ್ಕೆ ದಣಿವು ಎಂದು ಹೆಸರಿಡುತ್ತಿದ್ದೆವೇನೋ. ಮಸಿ ಕರಗಿ ಎಲೆಯ ಹಸಿರು ಬಯಲಾಗುತ್ತಾ ಬರುವುದನ್ನು ನೋಡುತ್ತಾ, ಕಚೇರಿಯ ಒಂದು ಮಾತೂ ನಮ್ಮ ನಡುವೆ ಬರದೆ ಸಂಜೆಯಾಯಿತು.

ಅಡುಗೆಯ ಒಪ್ಪಂದ ಬಹುಮಟ್ಟಿಗೆ ನಡೆಯಿತು. ಬೆಳಿಗ್ಗೆ ಅಕ್ಕಿರೊಟ್ಟಿ, ಅವರೆಕಾಳಿನ ಉಪ್ಪಿಟ್ಟು. ರಾತ್ರಿ ಮುದ್ದೆ, ಹಿತಕಿದ ಅವರೆಯ ಸಾರು. ಮುದ್ದೆ ತೊಳಸುವುದನ್ನು ನನ್ನವರು ಅಮ್ಮನಿಂದಲೇ ಕಲಿತರು. ಅಮ್ಮ ಮಣೆಯ ಮೇಲೆ ಕುಳಿತು, ಇನ್ನೂ ತೊಳಸಿ, ಗಂಟಿದೆ, ಇನ್ನೊಂದು ಸುತ್ತು ಎನ್ನುತ್ತಾ ಇದ್ದರು. ಉಪ್ಪಿಲ್ಲದ ಒಂದು ಪುಟ್ಟ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಕರಿಯನಿಗೂ ಕೆಂಚಿಗೂ ಹಾಕುತ್ತಿದ್ದೆವು. ಸಾರನ್ನು ಹಾಕುವಂತಿರಲಿಲ್ಲ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ. ಕೊಬ್ಬರಿಯನ್ನೂ ಕೊಡಬೇಡಿ ಎಂದು ಅಪ್ಪನಲ್ಲಿ ಕೇಳಿಕೊಂಡೆ; ಗಿಟುಕಿನಲ್ಲಿ ಕೊಬ್ಬಿನ ಅಂಶವೇ ಶೇಕಡ 60ಕ್ಕಿಂತ ಹೆಚ್ಚು, ಅಭ್ಯಾಸವಿಲ್ಲದ ನಾಯಿಯ ಹೊಟ್ಟೆ ಅದನ್ನು ತಡೆಯುವುದಿಲ್ಲ. ಹಸಿ ಕಾಯಿಯ ಒಂದು ಚೂರು ಮಾತ್ರ ಅವರ ಅಂಗಿಯ ಜೇಬಿನಿಂದ ದಿನಕ್ಕೊಮ್ಮೆ ಕೆಂಚಿಗೆ ಸಿಗುತ್ತಿತ್ತು.

ಒತ್ತು ಶಾವಿಗೆಯ ದಿನ ಮನೆಯವರೆಲ್ಲರೂ ಒಲೆಯ ಸುತ್ತ ಸೇರಿದೆವು. ಅಕ್ಕಿಹಿಟ್ಟನ್ನು ಗೊಟಾಯಿಸಿ, ಉಂಡೆ ಕಟ್ಟಿ, ಬೇಯಿಸಿ, ಬಿಸಿ ಆರುವ ಮೊದಲೇ ಶಾವಿಗೆ ಒರಳಿಗೆ ಹಾಕಿ ಒತ್ತಬೇಕು. ಆರಿತೋ, ಎಷ್ಟು ಬಲ ಹಾಕಿದರೂ ಇಳಿಯುವುದಿಲ್ಲ. ಅಮ್ಮನ ಮನೆಯ ಒರಳು ಹಳೆಯ ಮರದ್ದು, ಅದರ ಹಿಡಿಯ ಮೇಲೆ ಒಬ್ಬರು ಮೈಭಾರ ಹಾಕಿ ಕೂರಲೇಬೇಕು. ಇಷ್ಟು ವರ್ಷ ಅಪ್ಪ ಕೂರುತ್ತಿದ್ದರು. ಮಂಡಿ ನೋವು ಬಂದ ಮೇಲೆ ಒರಳು ಅಟ್ಟ ಸೇರಿ, ಆ ಮನೆಯಲ್ಲಿ ಶಾವಿಗೆಯೇ ನಿಂತುಹೋಗಿತ್ತು. ಅದು ನಿಂತಿದೆಯೆಂದು ಅಮ್ಮ ನಮಗೆ ಹೇಳಿರಲಿಲ್ಲ. ನನ್ನವರು ಒರಳನ್ನು ಇಳಿಸಿ, ತೊಳೆದು, ಎಣ್ಣೆ ಸವರಿ, ಹಿಡಿಯ ಮೇಲೆ ಕುಳಿತರು. ಬಿಳಿಯ ಎಳೆಗಳು ಬಾಳೆಯೆಲೆಯ ಮೇಲೆ ಸುರುಳಿ ಸುರುಳಿಯಾಗಿ ಇಳಿಯತೊಡಗಿದಾಗ ಅಮ್ಮ ಕೈಯಿಂದ ಎಲೆಯನ್ನು ತಿರುಗಿಸುತ್ತಾ, ಒಂದು ಸುತ್ತು ತುಂಬಿದೊಡನೆ ಕತ್ತರಿಸಿ ಪಕ್ಕಕ್ಕಿಡುತ್ತಾ, ತಮ್ಮ ತವರಿನಲ್ಲಿ ಹಬ್ಬದ ಹಿಂದಿನ ರಾತ್ರಿ ಇಪ್ಪತ್ತು ಮಂದಿಗೆ ಶಾವಿಗೆ ಒತ್ತುತ್ತಿದ್ದ ಕಥೆಯನ್ನು ಹೇಳಿದರು. ಬೆಲ್ಲ, ಏಲಕ್ಕಿ, ಗಸಗಸೆ ಹಾಕಿ ಅರೆದ ಕಾಯಿಹಾಲನ್ನು ನಾನು ಮಾಡಿದ್ದೆ. ಅಂದು ಬಡಿಸಿದವರು ನಾವು, ಮೊದಲು ಕುಳಿತು ಉಂಡವರು ಅಪ್ಪ ಅಮ್ಮ. ಎರಡನೆಯ ಸಲ ಬಡಿಸಲು ಹೋದಾಗ ಅಮ್ಮ ಬೇಡವೆನ್ನಲಿಲ್ಲ.

ನನ್ನ ಗೆಳತಿಯರು ಹಲವರು ಈಗ ತೋಟದ ವಾಸ್ತವ್ಯ ಎಂದು ಹಣ ಕೊಟ್ಟು ಹೋಗಿ ಬರುತ್ತಾರೆ. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ; ತವರಿನಲ್ಲಿ ತೋಟವಿಲ್ಲದವರಿಗೆ ಅದೊಂದು ದಾರಿ, ರೈತ ಕುಟುಂಬಕ್ಕೂ ಒಂದು ಆದಾಯ. ಆದರೆ ಸ್ವಂತದವರ ತೋಟಕ್ಕೆ ಹೋಗುವವರು ಅಲ್ಲಿನ ಹಿರಿಯರ ದಿನಚರಿಯನ್ನು ಒಮ್ಮೆ ಹತ್ತಿರದಿಂದ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಯಾವ ಕೆಲಸ ಅವರಿಂದ ಆಗುತ್ತಿಲ್ಲ, ಯಾವುದನ್ನು ಸದ್ದಿಲ್ಲದೆ ಬಿಟ್ಟಿದ್ದಾರೆ ಎಂಬುದು ಫೋನಿನಲ್ಲಿ ತಿಳಿಯುವುದಿಲ್ಲ. ನಾವು ಹಿಂದೆ ಹೋದಾಗಲೆಲ್ಲ ಬಾವಿಯ ಪಂಪಿನ ಗುಂಡಿ ಒತ್ತಲು ಅಪ್ಪ ಇರುಳಿನಲ್ಲಿ ಎದ್ದು ಹೋಗುವುದನ್ನು ನೋಡಿದ್ದೆವು. ಹಳ್ಳಿಗಳಲ್ಲಿ ಪಂಪಿಗೆ ಕರೆಂಟು ಕೊಡುವ ಹೊತ್ತು ರೈತನ ಕೈಯಲ್ಲಿಲ್ಲ. ಚಿರತೆ ಇರುವ ಕಡೆ ಮಂಡಿ ನೋವಿನ ಮನುಷ್ಯ ಕತ್ತಲಲ್ಲಿ ನಡೆಯುವುದು ನನ್ನವರನ್ನು ಕಾಡಿತು. ಈ ಸಲ ಅವರು ತಿಪಟೂರಿಗೆ ಹೋಗಿ, ಮೊಬೈಲಿನಿಂದ ಮೋಟಾರು ಚಾಲೂ ಮಾಡುವ ಸಾಧನ ತಂದು, ಊರಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಜೋಡಿಸಿದರು. ಅಂದು ರಾತ್ರಿ ಅಪ್ಪ ಹಾಸಿಗೆಯಲ್ಲಿ ಕುಳಿತೇ ಮೋಟಾರು ಹಾಕಿ, ನೀರು ಬಂತೇ ಎಂದು ನೋಡಲು ಟಾರ್ಚು ಹಿಡಿದು ಹೊರಟೇಬಿಟ್ಟರು. ಅವರ ಹಿಂದೆ ನನ್ನವರೂ, ಎರಡು ನಾಯಿಗಳೂ ಹೊರಟವು.

ಹಿಂದಿರುಗುವ ದಿನ ಬೆಳಿಗ್ಗೆ ಕಾರಿನ ಡಿಕ್ಕಿಯಲ್ಲಿ ಅವರೆಕಾಯಿ, ರಾಗಿಹಿಟ್ಟು, ಬಾಳೆಗೊನೆ, ಸುಲಿದ ಕಾಯಿಗಳು ತುಂಬಿದವು. ಕೆಂಚಿಯನ್ನು ಕಾರಿನ ಹತ್ತಿರ ಕರೆತಂದರೆ ಹತ್ತಲು ಒಪ್ಪಲಿಲ್ಲ. ಅಪ್ಪನ ಕಾಲ ಬಳಿ ಹೋಗಿ ಕುಳಿತು, ಜೇಬಿನ ಕಡೆಗೇ ನೋಡುತ್ತಿದ್ದಳು. ಯುಗಾದಿಗೆ ಮತ್ತೆ ಬರುವುದೆಂದು ಮಾತಾಗಿದೆ. ಆ ಹೊತ್ತಿಗೆ ಅಟ್ಟದ ಇನ್ನಷ್ಟು ಕಾಯಿ ಗಿಟುಕಾಗಿರುತ್ತದೆ, ಸುಲಿಯುವ ಕೆಲಸಕ್ಕೆ ಕೈ ಬೇಕು. ಕರಿಯನಿಗೆ ಈವರೆಗೆ ಹಾಕಿಸಿದ ಲಸಿಕೆಗಳ ದಾಖಲೆ ಇರಲಿಲ್ಲವಾದ್ದರಿಂದ, ನಾವು ಹೊರಡುವ ಮುನ್ನಾದಿನ ಅವನನ್ನು ಪಶು ಆಸ್ಪತ್ರೆಗೆ ಕರೆದೊಯ್ದು ರೇಬೀಸ್ ಲಸಿಕೆ ಹಾಕಿಸಿ, ಅವನ ಹೆಸರಿನಲ್ಲಿ ಒಂದು ಪುಸ್ತಕ ಮಾಡಿಸಿ ಬಂದೆವು. ಮುಂದಿನ ಉಣ್ಣೆಯ ಔಷಧದ ದಿನಾಂಕವನ್ನು ಅಮ್ಮ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಗುರುತು ಹಾಕಿಕೊಂಡಿದ್ದಾರೆ.